ಎಲ್ಲರಿಗೂ 980 ಬಂದ ಲ್ಯಾಬ್

ನಾನು ಡೀನ್ ಆಗುವುದಕ್ಕೆ ಮೂರು ವರ್ಷ ಮೊದಲಿನ ಮಾತು. ತಾಲ್ಲೂಕು ಕೇಂದ್ರದ ಒಂದು ಕಾಲೇಜಿಗೆ ಬಿಎಸ್‌ಸಿ ಫಿಸಿಕ್ಸ್ ಪ್ರಾಕ್ಟಿಕಲ್ಸ್‌ಗೆ ಹೊರಗಿನ ಎಕ್ಸಾಮಿನರ್ ಆಗಿ ಹೋಗಿದ್ದೆ. ಮೇಜಿನ ಮೇಲೆ 32 ರೆಕಾರ್ಡ್. ಮೊದಲ ಪ್ರಯೋಗ ಸರಳ ಲೋಲಕ. ದಾರಕ್ಕೆ ಗುಂಡು ಕಟ್ಟಿ ತೂಗಾಡಿಸಿ ‘ಜಿ’ ಕಂಡುಹಿಡಿಯುವುದು. ಅಂದರೆ ಭೂಮಿಯ ಸೆಳೆತ ಬೀಳುವ ವಸ್ತುವಿನ ವೇಗವನ್ನು ಸೆಕೆಂಡಿಗೆ ಎಷ್ಟು ಹೆಚ್ಚಿಸುತ್ತದೆ ಅನ್ನುವುದು, ಸೆಂಟಿಮೀಟರ್ ಲೆಕ್ಕದಲ್ಲಿ. ಎಲ್ಲರದ್ದೂ 980. ಒಬ್ಬ ಮಾತ್ರ ಸ್ವಲ್ಪ ಧೈರ್ಯ ಮಾಡಿ 979.8 ಬರೆದಿದ್ದ.

ನಗು ಬರುವ ವಿಷಯ ಏನು ಗೊತ್ತಾ? ನಮ್ಮ ಕಡೆ ‘ಜಿ’ 980 ಅಲ್ಲವೇ ಅಲ್ಲ. ಪುಸ್ತಕದ ಆ ಸಂಖ್ಯೆ ಹೆಚ್ಚುಕಡಿಮೆ 45 ಡಿಗ್ರಿ ಅಕ್ಷಾಂಶದ, ಸಮುದ್ರ ಮಟ್ಟದ ಲೆಕ್ಕ. ನಾವಿರೋದು ಸಮಭಾಜಕಕ್ಕೆ ಹತ್ತಿರ, ಅದೂ ಎತ್ತರದ ಬಯಲಿನ ಮೇಲೆ. ಬೆಂಗಳೂರಿನಲ್ಲಿ ಅದು ಸುಮಾರು 978. ಅಂದರೆ ಮಕ್ಕಳು ಸುಳ್ಳು ಬರೆದಿದ್ದರು, ಅದೂ ಬೇರೆ ಯಾರದ್ದೋ ಊರಿನ ಉತ್ತರ.

ಒಂದು ರೆಕಾರ್ಡಿನಲ್ಲಿ 980ರ ಕೆಳಗೆ ಪೆನ್ಸಿಲಿನಲ್ಲಿ ಬರೆದು ಅಳಿಸಿದ ಗುರುತಿತ್ತು. ಬೆಳಕಿಗೆ ಹಿಡಿದು ನೋಡಿದರೆ 959. ಹುಡುಗಿಯನ್ನು ಕರೆದೆ.

“ಇದೇನಮ್ಮ?”

“ಮೊದಲು ತಪ್ಪು ಬಂದಿತ್ತು ಮೇಡಂ. ಆಮೇಲೆ ಫ್ರೆಂಡ್ ರೆಕಾರ್ಡ್ ನೋಡಿ ಸರಿ ಮಾಡಿದೆ.”

ಅವಳ ರೀಡಿಂಗ್ ತೆಗೆದು ನೋಡಿದೆ. ದಾರ 50 ಸೆಂಟಿಮೀಟರ್ ಅಂತ ಬರೆದಿದ್ದಳು. ಗುಂಡು ಎಲ್ಲಿ ಶುರುವಾಗುತ್ತದೋ ಅಲ್ಲಿವರೆಗೆ ಅಳೆದಿದ್ದಾಳೆ. ಅಳೆಯಬೇಕಾದ್ದು ಗುಂಡಿನ ನಡುವಿನವರೆಗೆ. ಗುಂಡಿನ ಅಗಲ 2 ಸೆಂಟಿಮೀಟರ್. ನಿಜವಾದ ಉದ್ದ 51. ಅಲ್ಲಿ 1 ಸೆಂಟಿಮೀಟರ್ ಬಿಟ್ಟುಹೋದರೆ 978 ಹೋಗಿ 959 ಆಗುತ್ತದೆ. ಅಷ್ಟು ಚೆನ್ನಾಗಿ ಅಳೆದಿದ್ದಳು ಆ ಹುಡುಗಿ. ಆ 32 ಜನರಲ್ಲಿ ಪ್ರಯೋಗ ಮಾಡಿದವಳು ಅವಳೊಬ್ಬಳೇ ಇರಬೇಕು ಅಂತ ನನಗೆ ಅನುಮಾನ. ನಮ್ಮ ವ್ಯಾಲ್ಯುಯೇಷನ್ ಸ್ಕೀಮ್ ಪ್ರಕಾರ 959ಕ್ಕೆ ರಿಸಲ್ಟಿನ ಮಾರ್ಕ್ಸ್ ಇಲ್ಲ. 980ಕ್ಕೆ ಪೂರ್ತಿ. ಆ ಸ್ಕೀಮ್ ಬರೆದ ಕಮಿಟಿಯಲ್ಲಿ ನಾನೂ ಇದ್ದೆ.

2022ರಲ್ಲಿ ಡೀನ್ ಹುದ್ದೆ ಬಂತು. ಸಾಧನೆಗೆ ಅಂತ ಅಲ್ಲ, ಸೀನಿಯಾರಿಟಿ ಸರದಿಯಲ್ಲಿ. ಮನೆಯಲ್ಲಿ ಎಲ್ಲರಿಗೂ ಖುಷಿ. ನನಗೆ ಫೈಲು. ಡೀನ್ ಅಂದರೆ ಏನೋ ದೊಡ್ಡ ಅಧಿಕಾರ ಅಂದುಕೊಳ್ಳುತ್ತಾರೆ. ಹೊಸ ಕಟ್ಟಡ ಕಟ್ಟಿಸಲಾರೆ, ಖಾಲಿ ಹುದ್ದೆ ತುಂಬಲಾರೆ, ಅರ್ಧ ಕಾಲೇಜುಗಳು ಗೆಸ್ಟ್ ಲೆಕ್ಚರರ್‌ಗಳ ಮೇಲೇ ನಡೆಯುತ್ತವೆ. ಆದರೆ ಸಿಲಬಸ್ ರೂಪಿಸುವ ಬೋರ್ಡ್ ಆಫ್ ಸ್ಟಡೀಸ್‌ನವರ ಜೊತೆ ಕೂತು ಮಾರ್ಕ್ಸ್ ಹಂಚಿಕೆ ಬದಲಾಯಿಸಬಹುದು. ಅದಕ್ಕೆ ಹಣ ಬೇಕಿಲ್ಲ. ನಾನು ಹಿಡಿದದ್ದು ಅದೊಂದೇ ದಾರ.

ಮೀಟಿಂಗಿನಲ್ಲಿ ಹೇಳಿದೆ: ಉತ್ತರ ಸರಿ ಬಂದಿದ್ದಕ್ಕೆ ಮಾರ್ಕ್ಸ್ ಬೇಡ. ತಪ್ಪು ಎಷ್ಟಿರಬಹುದು, ಎಲ್ಲಿಂದ ಬಂತು ಅಂತ ಹೇಳಿದ್ದಕ್ಕೆ ಕೊಡೋಣ. ರೆಕಾರ್ಡಿನಲ್ಲಿ ಹೊಡೆದುಹಾಕಿದ ರೀಡಿಂಗ್ ಇದ್ದರೆ ಕಳೆಯೋದು ಬೇಡ. ಹಿರಿಯರೊಬ್ಬರು ಕನ್ನಡಕ ತೆಗೆದು ಕೇಳಿದರು, “ಹಾಗಾದ್ರೆ ನೀಟ್‌ನೆಸ್‌ಗೆ ಬೆಲೆನೇ ಇಲ್ವಾ ಮೇಡಂ?” ಇನ್ನೊಬ್ಬರದ್ದು ನ್ಯಾಯವಾದ ಪ್ರಶ್ನೆ: ಒಂದು ದಿನಕ್ಕೆ ಎರಡು ಬ್ಯಾಚ್ ನೋಡುವ ಎಕ್ಸಾಮಿನರ್ ಇದನ್ನೆಲ್ಲ ಓದುತ್ತಾ ಕೂರಲು ಟೈಮ್ ಎಲ್ಲಿದೆ? ಇವತ್ತಿಗೂ ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರ ಇಲ್ಲ. ಹೇಗೋ ಪಾಸಾಯಿತು. ಊಟದ ಹೊತ್ತಾಗಿತ್ತು, ಅದೂ ಒಂದು ಕಾರಣ.

ಥಿಯರಿ ಕ್ಲಾಸಿನಲ್ಲೂ ಸ್ವಲ್ಪ ಕೈ ಹಾಕಿದೆ. ಹಾರ್ವರ್ಡಿನ ಫಿಸಿಕ್ಸ್ ಪ್ರೊಫೆಸರ್ ಎರಿಕ್ ಮಜೂರ್ 1991ರಿಂದ ಮಾಡುತ್ತಾ ಬಂದ ವಿಧಾನ ಅದು. ಪ್ರಶ್ನೆ ಕೊಟ್ಟು, ಒಬ್ಬೊಬ್ಬರೇ ಉತ್ತರ ಆರಿಸಿ, ಆಮೇಲೆ ಪಕ್ಕದವರ ಜೊತೆ ವಾದ ಮಾಡಿ ಮತ್ತೆ ಆರಿಸುವುದು. ಬಟನ್ ಒತ್ತಿ ಉತ್ತರ ಆರಿಸುವ ಕ್ಲಿಕ್ಕರ್‌ಗೆ ದುಡ್ಡೆಲ್ಲಿ? ಬಣ್ಣದ ರಟ್ಟಿನ ಕಾರ್ಡ್ ಮಾಡಿಸಿದೆ. ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಇರುವಾಗ ಅದರ ಮೇಲೆ ಬಲ ಎಷ್ಟು? ಕ್ಲಾಸ್ ತುಂಬ ‘ಸೊನ್ನೆ’ಯ ಕೆಂಪು ಕಾರ್ಡ್. ವಾದ ಮಾಡಿ ಅಂದರೆ ಮೊದಲ ವಾರ ಬರೀ ಮೌನ. ಆಮೇಲೆ ಹೊಳೆಯಿತು, ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ಮಕ್ಕಳನ್ನು ಇಂಗ್ಲಿಷಿನಲ್ಲಿ ಜಗಳ ಆಡಿ ಅಂತ ಕೂರಿಸಿದ್ದೆ. ಕನ್ನಡದಲ್ಲಿ ಮಾತಾಡಿ ಅಂದೆ. ಪಕ್ಕದ ರೂಮಿನವರು ಬಂದು ಗಲಾಟೆ ಅಂತ ಕಂಪ್ಲೇಂಟ್ ಮಾಡಿದರು. “ಅದು ಮೇಲೆ ನಿಂತ್ಬಿಟ್ರೆ ಕೆಳಗೆ ಎಳೆಯೋದ್ಯಾರೋ, ನಿಮ್ಮಪ್ಪನಾ?” ಅಂತ ಒಬ್ಬ ಕೂಗಿದ್ದು ಇನ್ನೂ ನೆನಪಿದೆ. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಪ್ರಾಜೆಕ್ಟ್ ಮಾತ್ರ ಪೂರ್ತಿ ನೆಲಕಚ್ಚಿತು. ಪ್ರತಿಯೊಬ್ಬರೂ ತಮ್ಮದೇ ಪ್ರಶ್ನೆ ಹಿಡಿದು ಮಾಡಲಿ ಅಂದೆ. ಜೆರಾಕ್ಸ್ ಅಂಗಡಿಯವರು ಸ್ಪೈರಲ್ ಬೈಂಡಿಂಗ್ ಸಮೇತ ರೆಡಿ ಮಾಡಿಕೊಟ್ಟರು. ಒಂದೇ ಸೆಮಿಸ್ಟರ್‌ಗೆ ನಿಲ್ಲಿಸಿದೆ.

ಅದಕ್ಕಿಂತ ದೊಡ್ಡ ಪೆಟ್ಟು ಮುಂದಿನ ವರ್ಷ ಬಿತ್ತು. ಹೊಸ ಸ್ಕೀಮಿನ ರೆಕಾರ್ಡ್ ನೋಡಲು ಆಸೆಯಿಂದ ಕೂತೆ. ಮೊದಲನೆಯದು: 975, ಹೆಚ್ಚುಕಡಿಮೆ 8. ಎರಡನೆಯದು: 975, ಹೆಚ್ಚುಕಡಿಮೆ 8. ಮೂರನೆಯದೂ ಅದೇ. ಹೊಡೆದುಹಾಕಿದ ರೀಡಿಂಗ್ ಕೂಡ ಎಲ್ಲರದ್ದೂ ಒಂದೇ ಜಾಗದಲ್ಲಿ! ತಪ್ಪನ್ನೂ ಕಾಪಿ ಹೊಡೆದಿದ್ದರು.

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ನಮ್ಮ ಲ್ಯಾಬ್ ಅಟೆಂಡರ್ ಟೀ ತಂದಿಟ್ಟರು. ಇಪ್ಪತ್ತು ವರ್ಷದಿಂದ ಅದೇ ಲ್ಯಾಬಿನಲ್ಲಿರುವವರು. “ಎಲ್ರಿಗೂ ಒಂದೇ ಉತ್ತರ ಇರೋದ್ರಿಂದ ತಾನೆ ಮೇಡಂ ನೋಡ್ಕೊಂಡು ಬರೆಯೋದು? ಒಬ್ಬೊಬ್ಬರಿಗೂ ಬೇರೆ ಬೇರೆ ಇಟ್ಬಿಡಿ.”

‘ಜಿ’ ಬೇರೆ ಬೇರೆ ಇಡೋಕಾಗುತ್ತಾ ಅಂತ ನಕ್ಕೆ. ರಾತ್ರಿ ಆ 959ರ ಹುಡುಗಿ ನೆನಪಾದಳು. ದಾರದ ಉದ್ದವನ್ನು ಬದಲಾಯಿಸುತ್ತಾ ಹೋಗಿ, ಆ ಉದ್ದಕ್ಕೂ ಒಂದು ಸಲ ತೂಗಿ ಬರಲು ಹಿಡಿಯುವ ಕಾಲದ ವರ್ಗಕ್ಕೂ ಗ್ರಾಫ್ ಹಾಕಿದ್ದರೆ ಅವಳ ಗೆರೆ ಸೊನ್ನೆಯಲ್ಲಿ ಹಾದುಹೋಗುತ್ತಿರಲಿಲ್ಲ. ಸರಿಯಾಗಿ 1 ಸೆಂಟಿಮೀಟರ್ ಹಿಂದೆ ಹೋಗಿ ಉದ್ದದ ಅಕ್ಷಕ್ಕೆ ತಾಗುತ್ತಿತ್ತು. ಅಳೆಯದೆ ಬಿಟ್ಟದ್ದನ್ನು ಗ್ರಾಫೇ ಹೇಳಿಬಿಡುತ್ತದೆ. ಗೆರೆಯ ಓರೆಯಿಂದ ಬರುವ ‘ಜಿ’ಗೆ ಏನೂ ಆಗುವುದಿಲ್ಲ.

ಹಾಗಿದ್ದರೆ ಬೇಕಂತಲೇ ಮುಚ್ಚಿಟ್ಟರೆ?

ಅಟೆಂಡರ್ ಮತ್ತು ನಾನು ಒಂದು ಶನಿವಾರ ಕೂತು ಪ್ರತಿ ಸ್ಟ್ಯಾಂಡಿನ ತಲೆಗೂ ರಟ್ಟಿನ ಡಬ್ಬಿ ಹಾಕಿದೆವು. ಕೆಳಗೆ ಬಾಯಿ ತೆರೆದದ್ದು. ದಾರ ಎಲ್ಲಿಂದ ನೇತಾಡುತ್ತಿದೆ ಅಂತ ಕಾಣುವುದಿಲ್ಲ. ಒಂದೊಂದು ಸ್ಟ್ಯಾಂಡಿನಲ್ಲಿ ಒಂದೊಂದು ಎತ್ತರ. ಮಕ್ಕಳು ಡಬ್ಬಿಯ ಅಂಚಿನಿಂದ ಗುಂಡಿನ ನಡುವಿನವರೆಗೆ ಅಳೆಯಬೇಕು, ಒಳಗೆ ಎಷ್ಟು ದಾರ ಅಡಗಿದೆ ಅಂತ ಗ್ರಾಫಿನಿಂದ ಹೇಳಬೇಕು. ಸರಿಯುತ್ತರ ಬರೆದ ಚೀಟಿ ಅಟೆಂಡರ್ ಜೇಬಿನಲ್ಲಿ. ಖರ್ಚು ಅಂದರೆ ಗಮ್‌ಟೇಪ್ ಮಾತ್ರ. ಡಬ್ಬಿ ಚಾಕ್‌ಪೀಸಿನದು.

2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ನಾಲ್ಕು ವರ್ಷದ ಸಿಲಬಸ್ ಬಂದಿತ್ತು. 2024–25ಕ್ಕೆ ಸರ್ಕಾರ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಪೇಪರ್‌ಗಳೆಲ್ಲ ಮತ್ತೆ ಹೊಸದಾಗಿ ಬರೆದದ್ದಾಯಿತು. ನಾನು ಗುದ್ದಾಡಿ ಸೇರಿಸಿದ್ದ ಎಷ್ಟೋ ಸಾಲು ಅದರಲ್ಲಿ ಹೋದವು. ಡಬ್ಬಿಗಳು ಸಿಲಬಸ್ಸಿನಲ್ಲಿ ಇರಲೇ ಇಲ್ಲವಲ್ಲ, ಹಾಗಾಗಿ ಉಳಿದವು. ನನ್ನ ಅವಧಿಯೂ ಮುಗಿದಿತ್ತು. ಮತ್ತೆ ಫಸ್ಟ್ ಇಯರ್ ಲ್ಯಾಬಿಗೆ ಬಂದೆ, ಅಲ್ಲೇ ಇದ್ದೇನೆ.

ಹೋದ ವಾರ 7ನೇ ಸ್ಟ್ಯಾಂಡಿನ ಹುಡುಗ ಗ್ರಾಫ್ ಹಿಡಿದು ಬಂದ. 6.1 ಅಂದ. ಅಟೆಂಡರ್ ಜೇಬಿನಿಂದ ಚೀಟಿ ತೆಗೆದು ತೋರಿಸಿದರು. 6.5. ಸಾಕು ಕಣಪ್ಪ, ಚೆನ್ನಾಗಿಯೇ ಬಂದಿದೆ ಅಂದೆ. ಅವನು ಚೀಟಿ ನೋಡಿದ, ಗ್ರಾಫ್ ನೋಡಿದ, ಗಡಿಯಾರ ನೋಡಿದ. ಅವನೂರಿಗೆ ಇರುವುದು 4.30ರ ಬಸ್ ಒಂದೇ.

“ಚಿಕ್ಕ ಉದ್ದದಲ್ಲಿ ಎಣಿಕೆ ತಪ್ಪಿರಬೇಕು ಮೇಡಂ. ಅದೊಂದ್ ರೀಡಿಂಗ್ ಮತ್ತೆ ತಗೊಂಡ್ಬಿಡ್ತೀನಿ,” ಅಂದವನೇ ಬ್ಯಾಗ್ ಕೆಳಗಿಟ್ಟ.