ಹಣ ಬಂತು, ಆರ್ಡರ್ ಎಲ್ಲಿ?

ಆನ್‌ಲೈನ್ ಅಂಗಡಿ ಇಟ್ಟವರಿಗೆ ಒಂದು ಮಾತು. ಮೊನ್ನೆ ನನಗೆ 640 ರೂಪಾಯಿ ಬಂತು, ಸೈಟಲ್ಲಿ ಆರ್ಡರೇ ಇಲ್ಲ! ಹಪ್ಪಳವೋ, ಸಾಂಬಾರ್ ಪುಡಿಯೋ, ಯಾರಿಗೆ ಗೊತ್ತು? ಗ್ರಾಹಕರು ಯುಪಿಐನಲ್ಲಿ ಹಣ ಕಟ್ಟಿ, ಸೈಟಿಗೆ ವಾಪಸ್ ಬರದೆ ಬ್ರೌಸರ್ ಮುಚ್ಚಿದ್ದರು.

ಹೀಗಾದಾಗ ಸುಮ್ನೆ ಇನ್ನೊಮ್ಮೆ ಹಣ ಹಾಕಿ ಅನ್ನಬೇಡಿ. ಪೇಮೆಂಟ್ ಗೇಟ್‌ವೇ, ಅಂದರೆ ನಿಮ್ಮ ಸೈಟಿಗೆ ಹಣ ಪಡೆದುಕೊಡುವ ಸೇವೆಯ ಡ್ಯಾಶ್‌ಬೋರ್ಡಿನಲ್ಲಿ ಆ ಪಾವತಿ ತೆರೆದು ನೋಡಿ, ಸಾಮಾನ್ಯವಾಗಿ ಫೋನ್ ನಂಬರ್ ಇರುತ್ತದೆ. ಫೋನ್ ಮಾಡಿ 12 ಅಂಕಿಯ ಯುಟಿಆರ್ ನಂಬರ್ (ಆ ಪಾವತಿಯ ಗುರುತಿನ ಸಂಖ್ಯೆ) ಕೇಳಿ, ಡ್ಯಾಶ್‌ಬೋರ್ಡಿನ ಜೊತೆ ತಾಳೆ ನೋಡಿ. ಸ್ಕ್ರೀನ್‌ಶಾಟ್ ಮಾತ್ರ ನಂಬಬೇಡಿ, ತಿದ್ದೋದು ಸುಲಭ ಅಲ್ವಾ? ತಾಳೆಯಾದರೆ ಆರ್ಡರ್ ನೀವೇ ಹಾಕಿ.

ಆಮೇಲೆ ಡೆವಲಪರ್‌ಗೆ ಹೇಳಿ ವೆಬ್‌ಹುಕ್ ಆನ್ ಮಾಡಿಸಿ. ಇದಿದ್ದರೆ ಗ್ರಾಹಕರು ಬ್ರೌಸರ್ ಮುಚ್ಚಿದರೂ ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ. ಪಾವತಿಯ ಜೊತೆಗೇ ಆರ್ಡರ್ ನಂಬರೂ ಹೋಗುವಂತೆ ಮಾಡಿಸಿ.