ಹೆದ್ದಾರಿ ಕೆಲಸದಲ್ಲಿ ಬೋರ್ಡು ಇಡುವುದು, ತೆಗೆಯುವುದು: ನನ್ನ ಅನುಭವ

ದಾವಣಗೆರೆಯಿಂದ ಹಾವೇರಿ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಹಳಬರ ಬಾಯಲ್ಲಿ ಈಗಲೂ ಎನ್‌ಎಚ್ 4. ಅದು ನಾಲ್ಕು ಲೇನಿನಿಂದ ಆರು ಲೇನಿಗೆ ಅಗಲವಾಗುವಾಗ ನಾನು ಅಲ್ಲಿ ಸೇಫ್ಟಿ ಇಂಜಿನಿಯರ್ ಆಗಿದ್ದೆ. ಖಾಲಿ ಜಾಗದಲ್ಲಿ ಹೊಸ ರಸ್ತೆ ಹಾಕುವಾಗ ನಮಗೆ ಅಡ್ಡ ಬರುವವರು ಕಡಿಮೆ. ಇಲ್ಲಿ ಹಾಗಲ್ಲ. ಈ ಕಡೆ ಜೆಸಿಬಿ ಅಗೆಯುತ್ತಿರುತ್ತದೆ, ಪಕ್ಕದ ಲೇನಿನಲ್ಲೇ ಪುಣೆಗೆ ಹೊರಟ ಕಂಟೇನರ್ ಲಾರಿ, ಬ್ಯಾಡಗಿಗೆ ಮೆಣಸಿನಕಾಯಿ ಚೀಲ ಹೊತ್ತ ಟೆಂಪೋ, ಮೇವು ಹೇರಿಕೊಂಡ ಟ್ರ್ಯಾಕ್ಟರ್ ಎಲ್ಲ ಒಟ್ಟಿಗೆ ಓಡುತ್ತಿರುತ್ತವೆ.

ಇದಕ್ಕೆ ನಮ್ಮ ಹತ್ತಿರ ಒಂದು ಪುಸ್ತಕ ಇದೆ. ರಸ್ತೆ ಕೆಲಸಕ್ಕೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಎಸ್‌ಪಿ 55, 2014ರಲ್ಲಿ ಪರಿಷ್ಕರಿಸಿದ್ದು. ಕೆಲಸದ ಜಾಗವನ್ನು ಅದು ನಾಲ್ಕು ಭಾಗ ಮಾಡುತ್ತದೆ. ಮೊದಲು ಎಚ್ಚರಿಕೆ ಕೊಡುವ ಭಾಗ, ಆಮೇಲೆ ವಾಹನಗಳನ್ನು ಪಕ್ಕದ ಲೇನಿಗೆ ಸರಿಸುವ ಭಾಗ, ನಂತರ ಕೆಲಸ ನಡೆಯುವ ಜಾಗ, ಕೊನೆಗೆ ವಾಹನಗಳನ್ನು ಮೊದಲಿನ ಲೇನಿಗೆ ಬಿಡುವ ಭಾಗ. ಗಾಡಿಗಳ ವೇಗ ಜಾಸ್ತಿಯಿದ್ದಷ್ಟೂ ಮೊದಲ ಬೋರ್ಡು ದೂರ ಇರಬೇಕು. ಗಂಟೆಗೆ 100 ಕಿ.ಮೀ. ದಾಟುವ ಕಡೆ 1 ಕಿ.ಮೀ. ಮೊದಲೇ ಹೇಳಬೇಕು. ಯಾಕೆ ಅಷ್ಟು ಅಂತ ಹೊಸ ಹುಡುಗರು ಕೇಳುತ್ತಾರೆ. 80ರಲ್ಲಿ ಹೋಗುವ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ. ನೋಡಿ, ಅರ್ಥ ಮಾಡಿಕೊಂಡು, ಬ್ರೇಕ್ ಒತ್ತಿ ನಿಲ್ಲುವಷ್ಟರಲ್ಲಿ 120 ಮೀಟರ್ ಬೇಕು. ಗುಂಡಿ ಪಕ್ಕದಲ್ಲೇ ಬೋರ್ಡು ಇಟ್ಟರೆ ಅದು ಡ್ರೈವರಿಗಲ್ಲ, ಇನ್‌ಸ್ಪೆಕ್ಷನ್‌ಗೆ ಬರುವವರಿಗೆ ಇಟ್ಟಂತೆ.

ಪುಸ್ತಕದ ಪ್ರಕಾರ ಬೋರ್ಡು ಇಡುವುದು ಕಷ್ಟವಲ್ಲ. ನಿಜವಾದ ತಲೆನೋವು ತೆಗೆಯುವುದು.

ಕೆಲಸ ಮುಗಿಸಿ ಗ್ಯಾಂಗ್ ಮುಂದಿನ ಚೈನೇಜಿಗೆ, ಅಂದರೆ ರಸ್ತೆಯ ಮುಂದಿನ ಅಳತೆ ಗುರುತಿನ ಕಡೆಗೆ, ಹೋಗಿರುತ್ತದೆ. 'ಮುಂದೆ ಕೆಲಸ ನಡೆಯುತ್ತಿದೆ, ವೇಗ 40' ಬೋರ್ಡು ಮಾತ್ರ ಅಲ್ಲೇ ನಿಂತಿರುತ್ತದೆ. ಡ್ರೈವರ್ ವೇಗ ತಗ್ಗಿಸುತ್ತಾನೆ. ಒಂದು ಕಿಲೋಮೀಟರ್ ಹೋದರೂ ಏನೂ ಕಾಣುವುದಿಲ್ಲ. ಇನ್ನೊಂದು ಬೋರ್ಡು, ಅಲ್ಲೂ ಏನಿಲ್ಲ. ಮೂರನೆಯದನ್ನು ಅವನು ನೋಡುವುದೇ ಇಲ್ಲ, ನಿಜವಾದ ಗುಂಡಿ ಇರುವುದೂ ಅಲ್ಲೇ. ರಾಣೆಬೆನ್ನೂರು ಹತ್ತಿರ ಢಾಬಾದಲ್ಲಿ ಚಹಾ ಕುಡಿಯುತ್ತಿದ್ದ ಒಬ್ಬ ಲಾರಿ ಡ್ರೈವರ್ ಹೇಳಿದ್ದು: "ನಿಮ್ ಬೋರ್ಡ್ ನೋಡಿ ಗಾಡಿ ಓಡಿಸಿದ್ರೆ ಬಾಡಿಗೆ ಕಳ್ಕೊಂತೀನಿ ಸಾರ್. ನಾನು ಮುಂದಿನ್ ಗಾಡಿ ಬ್ರೇಕ್ ಲೈಟ್ ನೋಡ್ತೀನಿ." ಸಿಟ್ಟು ಬರಲಿಲ್ಲ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದ್ದರಿಂದ ಸಂಜೆಯ ಸುತ್ತಿನಲ್ಲಿ ನನ್ನ ಮೊದಲ ಕೆಲಸ ಬೋರ್ಡು ತೆಗೆಸುವುದು ಅಂತ ಮಾಡಿಕೊಂಡೆ. ಮರುದಿನ ಮತ್ತೆ ಬೇಕಾಗುವ ಬೋರ್ಡಾದರೆ ಅದಕ್ಕೆ ಸಿಮೆಂಟ್ ಚೀಲ ಮುಚ್ಚಿ ಕಟ್ಟಿಸುತ್ತಿದ್ದೆ. ಸೂಪರ್‌ವೈಸರುಗಳು ಗೊಣಗುತ್ತಿದ್ದರು. "ಇದ್ರೆ ಏನ್ ತೊಂದ್ರೆ ಸಾರ್, ಸುಮ್ನೆ ಇರ್ಲಿ ಬಿಡಿ" ಅನ್ನುವುದು ಅವರ ವಾದ. ಬೋರ್ಡು ಇಲ್ಲದಿದ್ದರೆ ನೋಟಿಸ್ ಬರುತ್ತದೆ, ಜಾಸ್ತಿ ಇದ್ದರೆ ಯಾರೂ ಕೇಳುವುದಿಲ್ಲ, ಅಲ್ವಾ? ಅದಕ್ಕೇ ಹೆದ್ದಾರಿ ತುಂಬ ಸುಳ್ಳು ಬೋರ್ಡುಗಳು.

ರಸ್ತೆ ಮೇಲಿನ ಹಳೆಯ ಬಿಳಿ ಗೆರೆಯೂ ಇಂಥದ್ದೇ ಸುಳ್ಳು. ಡೈವರ್ಷನ್ ಕೊಟ್ಟಾಗ ಗಾಡಿ ಎಡಕ್ಕೆ ಹೋಗಬೇಕು, ಗೆರೆ ಮಾತ್ರ ನೇರ ಹೋಗುತ್ತಿರುತ್ತದೆ. ಹಗಲು ತೊಂದರೆಯಿಲ್ಲ. ಮಳೆ ಬಂದ ರಾತ್ರಿ ಎದುರಿನ ಹೆಡ್‌ಲೈಟ್ ಕಣ್ಣಿಗೆ ಹೊಡೆಯುವಾಗ ಡ್ರೈವರಿಗೆ ಕಾಣುವುದು ಆ ಗೆರೆ ಒಂದೇ. ಅದನ್ನೇ ಹಿಡಿದು ನೇರ ಬ್ಯಾರಿಕೇಡಿಗೆ ಬರುತ್ತಾನೆ. ಮೇಲೆ ಕಪ್ಪು ಪೇಂಟ್ ಬಳಿಯುವುದು ಎಲ್ಲ ಕಡೆ ಇರುವ ರೂಢಿ. ಅದು ಸ್ವಲ್ಪ ದಿನದಲ್ಲೇ ಸವೆಯುತ್ತದೆ, ಒದ್ದೆಯಾದರೆ ಅದೂ ಹೊಳೆಯುತ್ತದೆ. ಕೆರೆದೇ ತೆಗೆಯಬೇಕು. ಅದಕ್ಕೆ ದುಡ್ಡು ಕೊಡಿಸಲು ನಾನು ಪ್ರಾಜೆಕ್ಟ್ ಮ್ಯಾನೇಜರ್ ಹತ್ತಿರ ಜಗಳ ಆಡಿದ್ದು ಅಷ್ಟಿಷ್ಟಲ್ಲ. ನಮ್ಮ ಕಾಂಟ್ರ್ಯಾಕ್ಟಿನಲ್ಲಿ ಟ್ರಾಫಿಕ್ ಸುರಕ್ಷತೆಗೆ ಬೇರೆ ಬಿಲ್ ಇರಲಿಲ್ಲ. ಎಲ್ಲ ಒಟ್ಟು ಮೊತ್ತದೊಳಗೇ. ಹಾಗಾಗಿ ಇಲ್ಲಿ ಉಳಿಸಿದ ಪ್ರತಿ ರೂಪಾಯಿಯೂ ಲಾಭದ ಲೆಕ್ಕಕ್ಕೆ ಸೇರುತ್ತದೆ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 198ಎ ಅಂತ ಒಂದು ಕಲಂ ಬಂತು. ಮಾನದಂಡ ಪಾಲಿಸದ ಕಾರಣಕ್ಕೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ನೂರಾರು ಕೋಟಿಯ ಕೆಲಸದಲ್ಲಿ ಆ ಮೊತ್ತಕ್ಕೆ ಯಾರು ಹೆದರುತ್ತಾರೆ?

ದಾರಿ ತೋರಿಸಲು ಸಾಲಾಗಿ ಇಡುವ ಪ್ಲಾಸ್ಟಿಕ್ ಕೋನುಗಳ ಕಥೆ ಬೇರೆ. ಆಷಾಢದ ಗಾಳಿಗೆ ಅವು ನಿಲ್ಲುವುದಿಲ್ಲ. ಲಾರಿ ಪಕ್ಕದಲ್ಲಿ ಹಾದರೂ ಉರುಳುತ್ತವೆ. ಹುಡುಗರು ಬುಡಕ್ಕೆ ಕಲ್ಲು ಇಡುತ್ತಿದ್ದರು. ಗಾಡಿ ಬಡಿದರೆ ಆ ಕಲ್ಲು ಸಿಡಿದು ಬೈಕಿನವನಿಗೆ ಬೀಳುತ್ತದೆ. ಕಲ್ಲೆಲ್ಲ ತೆಗೆಸಿ ಸಣ್ಣ ಮರಳು ಚೀಲ ಇಡಿಸಿದೆ. ಪಕ್ಕದಲ್ಲಿ ಆಳ ಅಗೆದಿದ್ದರೆ ಕೋನು ಸಾಕಾಗುವುದಿಲ್ಲ, ಅದು ದಾರಿ ತೋರಿಸುತ್ತದೆ ಅಷ್ಟೇ, ಯಾರನ್ನೂ ತಡೆಯುವುದಿಲ್ಲ. ಅಲ್ಲಿ ಕಾಂಕ್ರೀಟ್ ಬ್ಯಾರಿಯರ್ ಬೇಕು. ಇಲ್ಲವಾದರೆ ನೀರು ತುಂಬಿಸಿ ಒಂದಕ್ಕೊಂದು ಕೊಂಡಿ ಹಾಕಿದ ಪ್ಲಾಸ್ಟಿಕ್ ಬ್ಯಾರಿಯರ್. ನೀರಿಲ್ಲದ ಪ್ಲಾಸ್ಟಿಕ್ ಬ್ಯಾರಿಯರ್ ಖಾಲಿ ಡಬ್ಬಿ. ನಮ್ಮಲ್ಲಿ ಅದರ ಬಿರಡೆಗಳನ್ನು ಯಾರೋ ಕಿತ್ತುಕೊಂಡು ಹೋಗುತ್ತಿದ್ದರು, ಮಿನುಗುವ ಎಚ್ಚರಿಕೆ ದೀಪದ (ಬ್ಲಿಂಕರ್) ಬ್ಯಾಟರಿಗಳನ್ನೂ ಬಿಡುತ್ತಿರಲಿಲ್ಲ. ರಾತ್ರಿ ಸುತ್ತಿನಲ್ಲಿ ಟಾರ್ಚ್ ಜೊತೆ ಬಿರಡೆಯ ಚೀಲವನ್ನೂ ಒಯ್ಯುವುದು ರೂಢಿಯಾಯಿತು.

ಕೋನು ಇಡುವ ಗ್ಯಾಂಗಿಗೆ ಒಂದೇ ಕ್ರಮ. ಇಡುವಾಗ ಗಾಡಿ ಬರುವ ದಿಕ್ಕಿನಿಂದ, ಮೊದಲ ಬೋರ್ಡಿನಿಂದಲೇ ಶುರು. ತೆಗೆಯುವಾಗ ಉಲ್ಟಾ, ಆ ಮೊದಲ ಬೋರ್ಡು ಕೊನೆಗೆ. ಹಾಗೆ ಮಾಡಿದರೆ ರಸ್ತೆಯಲ್ಲಿ ನಿಂತ ಹುಡುಗನ ಹಿಂದೆ ಯಾವಾಗಲೂ ಒಂದು ಎಚ್ಚರಿಕೆ ಇರುತ್ತದೆ.

ಫ್ಲ್ಯಾಗ್‌ಮನ್‌ಗಳು ಹೆಚ್ಚಾಗಿ ಪಕ್ಕದ ಹಳ್ಳಿಯ ಹುಡುಗರು. ಕೈಗೆ ಬಾವುಟ, ಮೈಗೊಂದು ಜಾಕೆಟ್ ಕೊಟ್ಟು ನಿಲ್ಲಿಸುವುದೇ ತರಬೇತಿ ಅಂದುಕೊಂಡವರು ಬಹಳ. ನಾನು ಅವರಿಗೆ ಮೊದಲು ಹೇಳುತ್ತಿದ್ದದ್ದು ಎಲ್ಲಿಗೆ ಓಡಬೇಕು ಅಂತ. ಲೇನಿನೊಳಗೆ ನಿಲ್ಲಬೇಡ, ರಸ್ತೆಯ ಅಂಚಿನ ಪಟ್ಟಿ, ಅಂದರೆ ಶೋಲ್ಡರ್ ಮೇಲೆ ನಿಲ್ಲು. ಬೆನ್ನ ಹಿಂದೆ ಬ್ಯಾರಿಯರ್ ಇರಬಾರದು, ಹಾರಿಕೊಳ್ಳಲು ಜಾಗ ಇರಬೇಕು. ಮೊದಲ ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ ಒಂದು ಹೆಜ್ಜೆ ಮುಂದೆ. ಹನ್ನೆರಡು ಗಂಟೆ ಒಂದೇ ಕಡೆ ನಿಂತವನು ಬೆಳಗಿನ ಜಾವ ಕಣ್ಣು ತೆರೆದೇ ನಿದ್ದೆ ಮಾಡುತ್ತಿರುತ್ತಾನೆ. ಅದಕ್ಕೆ ಎರಡೆರಡು ಗಂಟೆಗೆ ಆಳು ಬದಲಾಯಿಸುತ್ತಿದ್ದೆವು.

ಇನ್ನೊಂದು ಸಮಸ್ಯೆ ಇದೆ, ಪುಸ್ತಕ ಓದಿ ಹೊಳೆಯುವಂಥದ್ದಲ್ಲ. ನಮ್ಮ ಟಿಪ್ಪರ್ ಇಂಡಿಕೇಟರ್ ಹಾಕಿ ಕೆಲಸದ ಜಾಗಕ್ಕೆ ತಿರುಗಿದರೆ ಹಿಂದಿನ ಕಾರೂ ಅದೇ ದಾರಿ ಅಂದುಕೊಂಡು ಒಳಗೆ ಬರುತ್ತದೆ. ರಾತ್ರಿ ಜಾಸ್ತಿ. ಟಿಪ್ಪರ್ ಒಳಗೆ ಬರುವ ಬಾಯಲ್ಲಿ ಒಬ್ಬ ಆಳು, ಟಿಪ್ಪರ್ ಹಿಂದೆ 'ನನ್ನನ್ನು ಹಿಂಬಾಲಿಸಬೇಡಿ' ಅಂತ ಕನ್ನಡ, ಹಿಂದಿ ಎರಡರಲ್ಲೂ ದೊಡ್ಡ ಬರಹ ಇಟ್ಟ ಮೇಲೆ ಕಡಿಮೆಯಾಯಿತು.

ಸುಗ್ಗಿಯಲ್ಲಿ ಬಂದ ಸಮಸ್ಯೆ ಮಾತ್ರ ಯಾವ ಪ್ಲಾನಿನಲ್ಲೂ ಇರಲಿಲ್ಲ. ಹೊಸ ಲೇನು ತಯಾರಾಗಿ ಇನ್ನೂ ಟ್ರಾಫಿಕ್ ಬಿಟ್ಟಿರಲಿಲ್ಲ. ಇಡೀ ಜಿಲ್ಲೆಯ ಮೆಕ್ಕೆಜೋಳ ಅಲ್ಲೇ ಒಣಗುತ್ತಿದೆಯೇನೋ ಅನ್ನಿಸುವಷ್ಟು ಹರಡಿತ್ತು. ಟ್ರ್ಯಾಕ್ಟರ್ ಬರಲಿ ಅಂತ ರೈತರು ನಮ್ಮ ಬ್ಯಾರಿಯರ್ ಸರಿಸಿದ್ದರು. ಆ ಸಂದಿಯಿಂದ ಬೈಕುಗಳು ನುಗ್ಗುತ್ತಿದ್ದವು. ಎತ್ತಿಸಲು ಹೋದರೆ "ಎಲ್ಲಿ ಒಣಗಿಸೋಣ್ರೀ, ನೀವೇ ಹೇಳ್ರಿ" ಅಂತ ಒಬ್ಬ ಅಜ್ಜಿ ಮೊರ ಹಿಡಿದುಕೊಂಡೇ ಕೇಳಿದರು. ಪಂಚಾಯಿತಿಯವರನ್ನು ಕೂರಿಸಿಕೊಂಡು ಮಾತಾಡಿದೆವು. ಎರಡೂ ತುದಿ ಮುಚ್ಚಿದ ಒಂದು ಭಾಗವನ್ನು ಬಿಟ್ಟುಕೊಟ್ಟೆವು, ಟ್ರ್ಯಾಕ್ಟರಿಗೆ ಸರ್ವಿಸ್ ರಸ್ತೆ ಕಡೆಯಿಂದ ದಾರಿ ಮಾಡಿದೆವು. ಲೇನು ತೆರೆಯುವ ದಿನಾಂಕ ಮೊದಲೇ ತಿಳಿಸಿದ್ದೆವು. ಹಿಂದಿನ ಸಂಜೆಯೇ ಜೋಳ ತುಂಬಿಕೊಂಡು ಜಾಗ ಗುಡಿಸಿಕೊಟ್ಟರು.