ಗೈಡ್ ಕೇಳಿದ ಒಂದೇ ಪ್ರಶ್ನೆಗೆ ಎಂಟು ತಿಂಗಳು

ನಾನು ಮಾಡೋದು ಆಲ್ಜಿಬ್ರಾಯಿಕ್ ಜಿಯಾಮೆಟ್ರಿ. ಪಾಲಿನಾಮಿಯಲ್ ಈಕ್ವೇಶನ್‌ಗಳು ಯಾವ ಆಕಾರ ಕೊಡ್ತವೆ ಅನ್ನೋ ಲೆಕ್ಕ. ಬಿಎಸ್ಸಿ ಪಿಸಿಎಂ ಊರಲ್ಲೇ, ಎಂಎಸ್ಸಿ ಮೈಸೂರಲ್ಲಿ, ಆಮೇಲೆ ಪಿಎಚ್‌ಡಿ. ಮೊದಲ ಎರಡು ವರ್ಷ ಹಾರ್ಟ್‌ಶಾರ್ನ್ ಪುಸ್ತಕದ ಎರಡನೇ ಅಧ್ಯಾಯದ ಎಕ್ಸರ್ಸೈಜ್‌ಗಳಲ್ಲೇ ಕಳೀತು, 1977ರ ಪುಸ್ತಕ, ಈಗ್ಲೂ ಎಲ್ರೂ ಅದರಲ್ಲೇ ಒದ್ದಾಡೋದು. ಅಮ್ಮ ಪ್ರತಿ ಯುಗಾದಿಗೂ "ಇನ್ನೂ ಎಷ್ಟು ವರ್ಷ ಓದ್ತೀಯೋ" ಅನ್ನೋಳು.

ಥೀಸಿಸ್ ಟಾಪಿಕ್ ಕರ್ವ್‌ಗಳ ಮೇಲಿನ ವೆಕ್ಟರ್ ಬಂಡಲ್ಸ್, ಅಂದ್ರೆ ಕರ್ವ್‌ನ ಪ್ರತಿ ಪಾಯಿಂಟಿಗೂ ಒಂದೊಂದು ವೆಕ್ಟರ್ ಸ್ಪೇಸ್ ಅಂಟಿಸಿದ ಹಾಗೆ. ಈ ಬಂಡಲ್‌ಗಳ ಬಗ್ಗೆ ಇರೋ 1965ರ ನರಸಿಂಹನ್-ಶೇಷಾದ್ರಿ ಥಿಯರಮ್ ಬಂದಿದ್ದು ಮುಂಬೈನ ಟಾಟಾ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್‌ನಲ್ಲಿ, ಹಾಗಾಗಿ ಈ ವಿಷಯಕ್ಕೆ ನಮ್ಮ ದೇಶದಲ್ಲಿ ಜನ ಇದ್ದಾರೆ, ಕೇಳೋಕೆ ಒಬ್ರು ಸಿಗ್ತಾರೆ, ಅದು ದೊಡ್ಡ ಪುಣ್ಯ.

ಸಬ್ಮಿಟ್ ಮಾಡೋಕೆ ಒಂದು ತಿಂಗಳು ಇತ್ತು. ಎರಡು ಮಾಡ್ಯುಲೈ ಸ್ಪೇಸ್ (ಒಂದೊಂದು ಪಾಯಿಂಟೂ ಒಂದೊಂದು ಬಂಡಲ್‌ನ ಗುರುತು ಆಗಿರೋ ಜಾಗ) ಮಧ್ಯೆ ಒಂದು ಮ್ಯಾಪ್ ಕಟ್ಟಿ, ಪಾಯಿಂಟಿಗೆ ಪಾಯಿಂಟ್ ಸರಿಯಾಗಿ ಕೂರುತ್ತೆ ಅಂತ ತೋರಿಸಿ, "ಆದ್ದರಿಂದ ಐಸೊಮಾರ್ಫಿಸಮ್" ಅಂತ ಬರೆದುಬಿಟ್ಟಿದ್ದೆ, ಅಂದ್ರೆ ವಾಪಸ್ ಬರೋ ಮ್ಯಾಪೂ ಇದೆ, ಎರಡೂ ಜಾಗ ಒಂದೇ ಅಂತ. ಗೈಡ್ ಆ ಸಾಲಿನ ಪಕ್ಕ ಪೆನ್ಸಿಲ್ ಇಟ್ಟು, "ಟಾರ್ಗೆಟ್ ನಾರ್ಮಲ್ ಅಂತ ಎಲ್ಲಿ ಪ್ರೂವ್ ಮಾಡಿದ್ದೀಯಪ್ಪ?" ಅಂದ್ರು. ಟಾರ್ಗೆಟ್ ಅಂದ್ರೆ ಮ್ಯಾಪ್ ಹೋಗಿ ಸೇರೋ ಜಾಗ, ನಾರ್ಮಲ್ ಅಂದ್ರೆ ಅದರಲ್ಲಿ ಕೆಲವು ಬಗೆಯ ಕೆಟ್ಟ ಮೊನೆಗಳು ಇಲ್ಲ ಅಂತ. ನಾನು ಸುಮ್ನೆ ಕೂತೆ. ಅವರು ಬೋರ್ಡ್ ಮೇಲೆ ವೈ ಸ್ಕ್ವೇರ್ ಈಕ್ವಲ್ಸ್ ಎಕ್ಸ್ ಕ್ಯೂಬ್ ಬರೆದ್ರು, ಮೂಲೇಲಿ ಚೂಪಾಗಿರೋ ಕಸ್ಪ್. ಸರಳ ರೇಖೆಯ ಪ್ರತಿ ಟಿ-ಯನ್ನೂ ಟಿ ಸ್ಕ್ವೇರ್, ಟಿ ಕ್ಯೂಬ್‌ಗೆ ಕಳಿಸಿ, ಒಂದಕ್ಕೆ ಒಂದು ಸರಿಯಾಗಿ ಕೂರುತ್ತೆ, ಆದ್ರೆ ಟಿ ಸ್ಕ್ವೇರ್ ಟಿ ಕ್ಯೂಬ್ ಎರಡನ್ನ ಎಷ್ಟೇ ಕೂಡಿಸಿ ಗುಣಿಸಿ, ಬರೀ ಟಿ ಸಿಗಲ್ಲ, ಅಂದ್ರೆ ವಾಪಸ್ ಬರೋ ದಾರಿ ಇಲ್ಲ. ಇದು ಎಂಎಸ್ಸಿ ಹುಡುಗರ ಎಕ್ಸರ್ಸೈಜ್ ಕಣ್ರೀ, ನಾನೇ ಬಿಡಿಸಿದ್ದೆ, ಸ್ವಂತ ಥೀಸಿಸ್‌ನಲ್ಲಿ ಕಾಣ್ಲಿಲ್ಲ!

ಕರ್ವ್ ಸ್ಮೂತ್ ಆಗಿದ್ರೆ ಮಾಡ್ಯುಲೈ ಸ್ಪೇಸ್ ನಾರ್ಮಲ್, ಕಾಂಪ್ಲೆಕ್ಸ್ ನಂಬರ್ಸ್ ಮೇಲೆ ಝಾರಿಸ್ಕಿ ಮೇನ್ ಥಿಯರಮ್ (ಟಾರ್ಗೆಟ್ ನಾರ್ಮಲ್ ಇದ್ರೆ ಇಂಥ ಮ್ಯಾಪ್ ಐಸೊಮಾರ್ಫಿಸಮ್ಮೇ ಅನ್ನೋದು) ಹಾಕಿದ್ರೆ ಕೆಲಸ ಮುಗೀತು. ನಾನು ಸಿಂಗುಲರ್ ಕರ್ವ್‌ಗೂ (ಕಸ್ಪ್ ಥರ ಚೂಪು, ಇಲ್ಲಾ ತನ್ನನ್ನೇ ದಾಟೋ ನೋಡ್ ಇರೋ ಕರ್ವ್) ಅಂತ ಜಂಬ ಕೊಚ್ಚಿಕೊಂಡಿದ್ದೆ. ಎಂಟು ತಿಂಗಳು ಒದ್ದಾಡಿ, ಕೊನೆಗೆ ಸ್ಮೂತ್ ಕೇಸ್ ಮಾತ್ರ ಉಳಿಸ್ಕೊಂಡೆ. ಥೀಸಿಸ್ ಅರ್ಧ ತೆಳ್ಳಗಾಯ್ತು.

ಆಮೇಲಿನದು ಎಲ್ಲರ ಕಥೆನೇ. ಎರಡು ಪೋಸ್ಟ್‌ಡಾಕ್, ಒಂದು ಪೇಪರ್‌ಗೆ ರೆಫರಿ ರಿಪೋರ್ಟ್ ಬರೋಕೆ ಹದಿನಾಲ್ಕು ತಿಂಗಳು, ಒಂದು ಇಂಟರ್ವ್ಯೂನಲ್ಲಿ "ಇದ್ರಿಂದ ಇಂಡಸ್ಟ್ರಿಗೆ ಏನು ಉಪಯೋಗ" ಅಂತ ಕೇಳಿದ್ರು, ಎಲಿಪ್ಟಿಕ್ ಕರ್ವ್ ಕ್ರಿಪ್ಟೋಗ್ರಫಿ (ಕರ್ವ್ ಬಳಸಿ ಮಾಹಿತಿ ಗುಟ್ಟಾಗಿಡೋ ವಿದ್ಯೆ) ಅಂದೆ, ನಾನು ಅದನ್ನ ಮಾಡೋದೇ ಇಲ್ಲ, ಆ ಕೆಲಸ ಸಿಗಲೂ ಇಲ್ಲ. ಸಿಕ್ಕಿದ ಕಡೆ ಮೊದಲ ಸೆಮಿಸ್ಟರ್ ಲೀನಿಯರ್ ಆಲ್ಜಿಬ್ರಾ ಕೊಟ್ರು, ನಿಜ ಹೇಳ್ಬೇಕಂದ್ರೆ ಕೋಶಂಟ್ ಸ್ಪೇಸ್ ನನಗೆ ಸರಿಯಾಗಿ ಅರ್ಥ ಆಗಿದ್ದು ಅದನ್ನ ಪಾಠ ಮಾಡುವಾಗ್ಲೇ.

ಸಿಂಗುಲರ್ ಕೇಸ್‌ಗೆ ಮೂರು ಸಲ ಕೈ ಹಾಕಿ ಬಿಟ್ಟಿದೀನಿ. ಈಗ ನನ್ನ ಸ್ಟೂಡೆಂಟ್ ಒಬ್ಬಳು ಹಿಡ್ಕೊಂಡಿದ್ದಾಳೆ. ನಿನ್ನೆ ರಾತ್ರಿ 11ಕ್ಕೆ ಮೆಸೇಜ್ ಬಂತು: "ಸರ್, ನೋಡ್ ಇದ್ರೆ ಏನೋ ಒಂದು ಆಗುತ್ತೆ ಅನ್ಸತ್ತೆ, ಕಸ್ಪ್‌ನಲ್ಲಿ ಸಿಕ್ಕಾಕೊಂಡಿದೀನಿ."